‘ವರದಕ್ಷಿಣೆ’ ಎಂಬ ಪದದ ಸುತ್ತ

(ನೊಂದ ಮಹಿಳೆಯರಿಗೆ ದೂರು ಬರೆದುಕೊಡುವ ಕಾರ್ಯಕರ್ತೆಯರ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾನೂನಿನ ವಿಷಯ ಹೇಳಲು ಇಲ್ಲಿ ವಕೀಲೆಯರಿದ್ದಾರೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು, ನನಗೆ ಗೊತ್ತಿರುವುದು ಪದಗಳು. ಹಾಗಾಗಿ ಒಂದೇ ಒಂದು ಪದದ ಬಗ್ಗೆ ಮಾತನಾಡುತ್ತೇನೆ. ಅದು ನೀವು ದಿನನಿತ್ಯ ಬರೆಯುವ ಪದ: ವರದಕ್ಷಿಣೆ.

ನಿಮ್ಮ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಈ ಪದವನ್ನು ತಾವಾಗಿಯೇ ಬಳಸುತ್ತಾರೆ? ಗಮನಿಸಿ ನೋಡಿ. "ಅಂಗಡಿ ಇಡೋಕೆ ದುಡ್ಡು ಕೇಳ್ತಾರೆ" ಎನ್ನುತ್ತಾಳೆ. "ದೀಪಾವಳಿಗೆ ಅಪ್ಪ ಏನೂ ಕೊಡಲಿಲ್ಲ ಅಂತ ಮಾತು" ಎನ್ನುತ್ತಾಳೆ. "ಸೈಟಿಗೆ ಸ್ವಲ್ಪ ಹೊಂದಿಸಿಕೊಡಿ ಅಂದ್ರು" ಎನ್ನುತ್ತಾಳೆ. ಅವಳ ತಾಯಿಯನ್ನು ಕೇಳಿದರೆ, "ವರದಕ್ಷಿಣೆ ಗಿರದಕ್ಷಿಣೆ ಏನಿಲ್ಲಮ್ಮ, ನಮ್ಮ ಮಗಳಿಗೆ ನಾವು ಹಾಕಿದ್ದು" ಎಂದುಬಿಡುತ್ತಾರೆ. ಮದುವೆ ಮಾತುಕತೆಯ ದಿನ ಗಂಡಿನ ಕಡೆಯವರೂ ಆ ಪದ ಎತ್ತಿರುವುದಿಲ್ಲ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಹಾಕ್ಕೊಳ್ಳೋದು ನಿಮಗೆ ಬಿಟ್ಟದ್ದು, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ" ಎಂದಿರುತ್ತಾರೆ. ಈ ಒಂದು ವಾಕ್ಯಕ್ಕೆ ಎಷ್ಟು ಮನೆಗಳು ಸಾಲದಲ್ಲಿ ಮುಳುಗಿವೆಯೋ! ಆದರೆ ಇದರಲ್ಲಿ ಕೇಳುವ ಪದವೇ ಇಲ್ಲ, ಇರುವುದೆಲ್ಲ ಬೇಡ ಎನ್ನುವ ಪದ.

ಹೀಗೆ ಕೊಡುವವರೂ ಉಚ್ಚರಿಸದ, ತೆಗೆದುಕೊಳ್ಳುವವರೂ ಉಚ್ಚರಿಸದ ಪದ ಕಾನೂನಿನಲ್ಲಿ ಮಾತ್ರ ದೊಡ್ಡ ಅಕ್ಷರದಲ್ಲಿ ಕುಳಿತಿದೆ. ಅವಳ ಮಾತಿನಿಂದ ಕಾನೂನಿನ ಪದದವರೆಗೆ ದಾಟಿಸುವ ಕೆಲಸ ನಿಮ್ಮದು. ಅದೂ ಒಂದು ಅನುವಾದವೇ. ಆ ದಾರಿಯಲ್ಲಿ ಏನು ಸೋರಿಹೋಗುತ್ತದೆ ಎಂಬುದು ನನ್ನ ಚಿಂತೆ.

ಮೊದಲು ಪದವನ್ನೇ ಬಿಡಿಸೋಣ. ದಕ್ಷಿಣೆ ಯಾರಿಗೆ ಕೊಡುತ್ತೇವೆ? ಪುರೋಹಿತರಿಗೆ, ಗುರುವಿಗೆ. ದಾನ ಕೊಟ್ಟಮೇಲೆ ಜೊತೆಗೆ ದಕ್ಷಿಣೆ ಇಡದಿದ್ದರೆ ದಾನ ಪೂರ್ಣವಾಗದು ಎಂಬುದು ಶಾಸ್ತ್ರ. ಕನ್ಯೆಯನ್ನು ದಾನ ಮಾಡುವಾಗ ವರನ ಕೈಗೆ ಒಂದಿಷ್ಟು ದಕ್ಷಿಣೆ ಇಡುವುದು ಈ ತರ್ಕದಿಂದ ಬಂದದ್ದು. ಅದರ ಮೊತ್ತ ಕೊಡುವವನ ಇಷ್ಟ. ಆದರೆ ಪದದೊಳಗೆ ಕುಳಿತಿರುವ ಸಂಬಂಧವನ್ನು ನೋಡಿ. ಪಡೆಯುವವನು ಪೂಜ್ಯ, ಕೊಡುವವನು ಕೈಮುಗಿದು ನಿಂತವನು. ದಕ್ಷಿಣೆ ಎಂದೂ ಮರಳಿ ಬರುವುದಿಲ್ಲ. ಏಕಲವ್ಯನ ಹೆಬ್ಬೆರಳನ್ನೂ ನಾವು ದಕ್ಷಿಣೆ ಎಂದೇ ಕರೆದವರು.

ಇದನ್ನು ನಮ್ಮದೇ ಇನ್ನೊಂದು ಪದದ ಜೊತೆ ಇಟ್ಟು ನೋಡಿ: ಮುಯ್ಯಿ. ಮದುವೆಯಲ್ಲಿ ಬಂಧುಬಳಗ ಮುಯ್ಯಿ ಓದಿಸುತ್ತದೆ, ಅವರ ಮನೆಯ ಮದುವೆಗೆ ನಾವು ಹೋಗಿ ಓದಿಸುತ್ತೇವೆ. ಮುಯ್ಯಿಗೆ ಮುಯ್ಯಿ. ಅದು ಎರಡು ಕಡೆಯೂ ಹರಿಯುತ್ತದೆ. ದಕ್ಷಿಣೆ ಒಂದೇ ಕಡೆ ಹರಿಯುತ್ತದೆ.

ಇನ್ನೊಂದು ಪದ ತೆರ. ಈಗಿನ ಹುಡುಗಿಯರಲ್ಲಿ ಅನೇಕರಿಗೆ ಇದು ಗೊತ್ತಿಲ್ಲ. ತೆರುವುದು, ತೆರಿಗೆ, ಇವೆಲ್ಲ ಒಂದೇ ಮನೆಯ ಪದಗಳು. ಕರ್ನಾಟಕದ ಬಹುಪಾಲು ದುಡಿಯುವ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ತೆರ ಕೊಟ್ಟು ಮದುವೆಯಾಗುತ್ತಿದ್ದರು. ಹೊಲದಲ್ಲಿ ದುಡಿಯುವ ಒಂದು ಜೀವ ತವರಿನಿಂದ ಹೋಗುತ್ತಿದೆ, ಅದಕ್ಕೆ ಪ್ರತಿಯಾಗಿ ಕೊಡಬೇಕು ಎಂಬ ಲೆಕ್ಕ. ಅದೇನು ಹೆಣ್ಣಿಗೆ ಸ್ವರ್ಗವಾಗಿತ್ತು ಎಂದು ನಾನು ಹೇಳುವುದಿಲ್ಲ. ತೆರದ ಹಣ ಸೇರುತ್ತಿದ್ದುದು ಅಪ್ಪನಿಗೇ. ಆದರೆ ಹರಿವಿನ ದಿಕ್ಕು ಬೇರೆಯಿತ್ತು. ಮಗಳಿಗೆ ಶುಲ್ಕ ತೆಗೆದುಕೊಳ್ಳುವುದು ಮಗಳನ್ನು ಮಾರಿದಂತೆ ಎಂದು ಮನುಸ್ಮೃತಿ ನಿಂದಿಸುತ್ತದೆ. ಓದು, ಸರ್ಕಾರಿ ನೌಕರಿ, ಪಟ್ಟಣದ ಸಂಪರ್ಕ ಬಂದ ಮನೆಗಳು ತೆರವನ್ನು ನಾಚಿಕೆಯೆಂದು ಬಿಟ್ಟವು. ಮುಂದಿನ ತಲೆಮಾರಿನಲ್ಲಿ ವರದಕ್ಷಿಣೆಯನ್ನು ಗೌರವವೆಂದು ಹಿಡಿದವು. ಹೆಣ್ಣಿಗೆ ಹಣ ತೆಗೆದುಕೊಂಡರೆ ಮಾರಾಟ, ಗಂಡಿಗೆ ತೆಗೆದುಕೊಂಡರೆ ದಕ್ಷಿಣೆ! ಪದಗಳು ಎಷ್ಟು ಚೆನ್ನಾಗಿ ಊಳಿಗ ಮಾಡುತ್ತವೆ ನೋಡಿ.

ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1984ರಲ್ಲಿ ಪ್ರಕಟವಾದ ಒಂದು ಉಪನ್ಯಾಸದಲ್ಲಿ ಇದನ್ನೇ ಹೇಳಿದ್ದಾರೆ. ಈಗಿನ ವರದಕ್ಷಿಣೆ ಹಳೆಯ ದಕ್ಷಿಣೆಯೂ ಅಲ್ಲ, ಹಳೆಯ ಸ್ತ್ರೀಧನವೂ ಅಲ್ಲ. ಹಣದ ವ್ಯವಹಾರ, ಇಂಗ್ಲಿಷ್ ಓದು, ಸಂಬಳದ ನೌಕರಿಗಳ ಜೊತೆ ಬಂದ ಹೊಸ ಬೇಡಿಕೆ. ಅದಕ್ಕೆ ಹಳೆಯ ಸಂಸ್ಕೃತ ಹೆಸರು ಕೊಡುವುದೇ ಅದಕ್ಕೊಂದು ಮರ್ಯಾದೆ ತಂದುಕೊಡುವ ಪ್ರಯತ್ನ ಎಂಬುದು ಅವರ ವಾದ. "ಅನಾದಿ ಕಾಲದಿಂದ ಬಂದ ಪದ್ಧತಿಯಮ್ಮಾ" ಎಂದು ನಿಮ್ಮೆದುರು ಯಾರಾದರೂ ಹೇಳಿದರೆ ಇದು ನೆನಪಿರಲಿ.

ಈಗ ನೆರೆಹೊರೆಯ ಭಾಷೆಗಳಿಗೆ ಹೋಗೋಣ. ಬೆಂಗಳೂರು, ಬಳ್ಳಾರಿ, ಬೆಳಗಾವಿ, ಮಂಗಳೂರಿನಂಥ ಊರುಗಳಲ್ಲಿ ಕೆಲಸ ಮಾಡುವ ನಿಮಗೆ ಇವು ದೂರದ ಪದಗಳಲ್ಲ. ತೆಲುಗಿನಲ್ಲಿ ಕಟ್ನಂ. ಮದುವೆಯಲ್ಲಿ ಬಂಧುಗಳು ಓದಿಸುವ ಉಡುಗೊರೆಗೂ ಕಟ್ನಂ ಎನ್ನುತ್ತಾರೆ, ಗಂಡಿನ ಕಡೆಯವರು ಕೇಳಿ ಪಡೆಯುವ ಮೊತ್ತಕ್ಕೂ ಅದೇ ಪದ. ಹಾಗಾಗಿ ತೆಲುಗು ಹೆಣ್ಣುಮಗಳು "ಕಟ್ನಂ ಕೊಟ್ಟರು" ಎಂದರೆ ಯಾರು, ಯಾರಿಗೆ ಎಂದು ಕೇಳಲೇಬೇಕು. ಮರಾಠಿಯಲ್ಲಿ ಹುಂಡಾ, ಅಲ್ಲಿ ಅನುಮಾನವಿಲ್ಲ, ಬೆಳಗಾವಿ ಕಡೆಯವರಿಗೆ ಅರ್ಥ ಹೇಳಬೇಕಾಗಿಯೂ ಇಲ್ಲ. ಹಿಂದಿಯ ದಹೇಜ್, ಉರ್ದುವಿನ ಜಹೇಜ್ ಎರಡೂ ಅರಬ್ಬಿ ಮೂಲದವು. ಸಲಕರಣೆ, ಸಜ್ಜು ಎಂದು ಮೂಲಾರ್ಥ. ಹಡಗಿಗೆ ಹೇಳುವ ಜಹಾಜ್ ಕೂಡ ಅದೇ ಬೇರಿನದು. ಹೊಸ ಸಂಸಾರಕ್ಕೆ ಬೇಕಾದ ಪಾತ್ರೆ ಪಡಗ, ಹಾಸಿಗೆ ಬಟ್ಟೆ ಸಜ್ಜುಮಾಡಿ ಕಳಿಸುವುದು ಎಂಬಲ್ಲಿಂದ ಪದ ಹೊರಟಿತು. ಈಗ ಮೋಟಾರು ಬೈಕಿನ ತನಕ, ಕಾರಿನ ತನಕ ಬಂದಿದೆ. ಹೈದರಾಬಾದ್ ಪ್ರಾಂತ್ಯದ ಮುಸ್ಲಿಂ ಕುಟುಂಬಗಳಲ್ಲಿ ‘ಜೋಡೇ ಕಿ ರಖಮ್’ ಎಂಬ ಮಾತೂ ಇದೆ. ಮದುಮಗನ ಉಡುಪಿನ ದುಡ್ಡು ಎಂದು ಅರ್ಥ. ಹೆಸರಿಗೆ ಬಟ್ಟೆಯ ದುಡ್ಡು, ಮೊತ್ತ ನೋಡಿದರೆ ಬಟ್ಟೆ ಅಂಗಡಿಯನ್ನೇ ಕೊಳ್ಳಬಹುದು.

ಬಂಗಾಳಿಯಲ್ಲಿ ಪಣ ಎನ್ನುತ್ತಾರೆ. ಕನ್ನಡದವರಿಗೆ ಈ ಪದ ಕಿವಿಗೆ ಬಿದ್ದ ತಕ್ಷಣ ದ್ಯೂತಸಭೆ ನೆನಪಾಗಬೇಕು. ನಮ್ಮ ‘ಹಣ’ವೂ ಆ ‘ಪಣ’ದಿಂದಲೇ ಬಂದದ್ದು. ರವೀಂದ್ರನಾಥ ಠಾಕೂರರು 1891ರಷ್ಟು ಹಿಂದೆಯೇ ಈ ಪಣದ ಬಾಕಿಗಾಗಿ ಅತ್ತೆಮನೆಯಲ್ಲಿ ಸವೆದು ಸಾಯುವ ಹುಡುಗಿಯೊಬ್ಬಳ ಕಥೆ ಬರೆದರು. ಅದಕ್ಕೆ ಅವರಿಟ್ಟ ಹೆಸರು ‘ದೇನಾ ಪಾವನಾ’, ಕೊಡಬೇಕಾದದ್ದು ಮತ್ತು ಬರಬೇಕಾದದ್ದು. ಅಂಗಡಿಯ ಖಾತೆ ಪುಸ್ತಕದ ಭಾಷೆ. ದಕ್ಷಿಣೆ ಎಂಬ ನಮ್ಮ ಪದಕ್ಕಿಂತ ಪ್ರಾಮಾಣಿಕವಾದ ಭಾಷೆ ಎಂದು ನನಗನ್ನಿಸುತ್ತದೆ.

ಆದರೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಪದ ಸ್ತ್ರೀಧನ. ಧರ್ಮಶಾಸ್ತ್ರದಲ್ಲಿ, ಇವತ್ತಿನ ನ್ಯಾಯಾಲಯದಲ್ಲಿ, ಸ್ತ್ರೀಧನವೆಂದರೆ ಹೆಣ್ಣಿನ ಸ್ವಂತ ಆಸ್ತಿ. ತವರಿನವರು ಹಾಕಿದ ಒಡವೆ, ಅವಳಿಗೆಂದೇ ಬಂದ ಉಡುಗೊರೆ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದು ಪೂರ್ತಿಯಾಗಿ ಹೆಂಡತಿಯದೇ ಎಂದಿತು. ಅದನ್ನು ಗಂಡನ ಮನೆಯವರು ಇಟ್ಟುಕೊಂಡು ಕೊಡದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಈಗ ಮಲಯಾಳಂಗೆ ಹೋಗಿ. ಅಲ್ಲಿ ಸ್ತ್ರೀಧನಂ ಎಂದರೆ ವರದಕ್ಷಿಣೆ! ಗಂಡಿನ ಮನೆಗೆ ಹೋಗುವ ಹಣ. ಹೆಸರು ಸ್ತ್ರೀಯದು, ಧನ ಇನ್ನೊಬ್ಬರದು. ಶ್ರೀಲಂಕಾದ ಜಾಫ್ನಾ ತಮಿಳರೂ ವರದಕ್ಷಿಣೆಗೆ ಸೀದನಂ ಎನ್ನುತ್ತಾರೆ.

ಇದು ನಿಘಂಟಿನ ತಮಾಷೆಯಲ್ಲ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ನಾಲ್ಕನೇ ಒಂದು ಭಾಗ, ಇಲ್ಲವೇ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸ್ತ್ರೀಧನ ಕೊಟ್ಟಿದ್ದರೆ, ಅಥವಾ ಕೊಡುತ್ತೇವೆಂದು ಮಾತು ಕೊಟ್ಟಿದ್ದರೂ ಸಾಕು, ಅದೂ ಇಲ್ಲ. ಗಂಡನ ಮನೆಯವರ ಕೈ ಸೇರಿದ ಹಣವನ್ನು "ನಿನ್ನ ಪಾಲು ನಿನಗೆ ಕೊಟ್ಟಾಯಿತು" ಎಂದು ಹೆಣ್ಣಿನ ಲೆಕ್ಕಕ್ಕೆ ಬರೆದರು. ಮೇರಿ ರಾಯ್ ಅವರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ಗೆದ್ದರು. ಆಮೇಲೆ ಅಲ್ಲಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ಸಮಪಾಲು ಬಂತು. ನಮ್ಮಲ್ಲೂ ಅಣ್ಣತಮ್ಮಂದಿರು ಭಾಗದ ಹೊತ್ತಿಗೆ "ಅವಳ ಮದುವೆಗೆ ಖರ್ಚು ಮಾಡಿಲ್ವಾ?" ಎನ್ನುತ್ತಾರಲ್ಲ, ಅದೇ ತರ್ಕ.

ಈಗ ಬೆಂಗಳೂರಿನ ಠಾಣೆಗೆ ಒಬ್ಬ ಮಲಯಾಳಿ ಹುಡುಗಿ ಬಂದಳೆನ್ನಿ. "ಸ್ತ್ರೀಧನಂ ಕೊಟ್ಟಿದ್ದೆವು, ಇನ್ನೂ ಕೇಳುತ್ತಾರೆ" ಎನ್ನುತ್ತಾಳೆ. ಬರೆದುಕೊಳ್ಳುವವರು ಕನ್ನಡದಲ್ಲಿ "ಸ್ತ್ರೀಧನ ನೀಡಲಾಗಿದೆ" ಎಂದು ಬರೆದರೆ ಅವಳ ದೂರಿನ ಜೀವವೇ ಹೋಯಿತು. ಅಪರಾಧವಾದದ್ದು ಆಸ್ತಿಯ ವಿವರವಾಯಿತು. ಅಕ್ಷರ ಒಂದೂ ತಪ್ಪಿಲ್ಲ, ಅರ್ಥ ತಲೆಕೆಳಗು.

ಇಂಗ್ಲಿಷಿನಲ್ಲೂ ಇಂಥ ಗೊಂದಲ ಇಲ್ಲದಿಲ್ಲ. ಡೌರಿ, ಡವರ್ ಒಂದೇ ಬೇರಿನ ಎರಡು ಪದಗಳು. ಡೌರಿ ಹೆಂಡತಿ ತರುವುದು. ಡವರ್ ಎಂದರೆ ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಗಂಡ ಸತ್ತಮೇಲೆ ಅವನ ಭೂಮಿಯಲ್ಲಿ ವಿಧವೆಗೆ ಜೀವವಿರುವ ತನಕ ಸಲ್ಲುತ್ತಿದ್ದ ಪಾಲು. ಬ್ರಿಟಿಷರ ಕಾಲದ ಕಾನೂನು ಪುಸ್ತಕಗಳಲ್ಲಿ ಮುಸ್ಲಿಮರ ಮಹರ್‌ಗೆ ಡವರ್ ಎಂಬ ಹೆಸರು ನಿಂತಿತು. ಮಹರ್ ಗಂಡ ಹೆಂಡತಿಗೆ ಕೊಡಬೇಕಾದದ್ದು, ಅವಳ ಹಕ್ಕು. 1961ರ ವರದಕ್ಷಿಣೆ ನಿಷೇಧ ಕಾಯಿದೆ ಅದನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಮಹರನ್ನು ವರದಕ್ಷಿಣೆ ಎಂದು ಅನುವಾದಿಸಿದರೆ ಅವಳ ಹಕ್ಕನ್ನು ನಾವೇ ಅಪರಾಧ ಮಾಡಿದಂತೆ.

ಇನ್ನು ಕಾಯಿದೆಯೊಳಗಿನ ಪದ. 1961ರಲ್ಲಿ ಬರೆದ ವ್ಯಾಖ್ಯೆಯಲ್ಲಿ ಮದುವೆಗೆ ‘ಪ್ರತಿಫಲವಾಗಿ’ ಕೊಟ್ಟದ್ದು ಎಂದಿತ್ತು. ಯಾವ ಅಪ್ಪ ತಾನೇ "ಪ್ರತಿಫಲವಾಗಿ ಕೊಟ್ಟೆ" ಎಂದು ಸಾಕ್ಷಿ ಹೇಳುತ್ತಾನೆ? ಎಲ್ಲವೂ ಪ್ರೀತಿಯಿಂದ ಕೊಟ್ಟ ಉಡುಗೊರೆಯಾಗಿ ತಪ್ಪಿಸಿಕೊಂಡಿತು. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ 1984ರ ತಿದ್ದುಪಡಿಯಲ್ಲಿ ಅದು ಮದುವೆಗೆ ‘ಸಂಬಂಧಪಟ್ಟಂತೆ’ ಎಂದಾಯಿತು. 1986ರಲ್ಲಿ ಮದುವೆಯ ನಂತರ ‘ಯಾವುದೇ ಸಮಯದಲ್ಲಿ’ ಎಂಬುದು ಸೇರಿತು. ಎರಡು ಮೂರು ಪದಗಳ ಬದಲಾವಣೆ. ಅದಕ್ಕಾಗಿ ಎಷ್ಟು ಹೆಣ್ಣುಮಕ್ಕಳ ಹೆಣ ಬೀಳಬೇಕಾಯಿತು ಎಂದು ನಮ್ಮ ವಯಸ್ಸಿನವರಿಗೆ ಗೊತ್ತು.

ಅಲ್ಲಿಗೂ ಮುಗಿಯಲಿಲ್ಲ. ಮಗು ಹುಟ್ಟಿದಾಗ ಕೊಡುವಂಥ ಸಂಪ್ರದಾಯದ ಕೊಡುಗೆಗಳು ವರದಕ್ಷಿಣೆಯಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. 2007ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣ ಬಂತು. ಮನೆ ಖರ್ಚಿಗೆ, ಗೊಬ್ಬರ ಕೊಳ್ಳುವುದಕ್ಕೆ ತವರಿನಿಂದ ಹಣ ತಾ ಎಂದು ಪೀಡಿಸಿದ್ದರು, ಅವಳು ವಿಷದಿಂದ ಸತ್ತಳು. ಗೊಬ್ಬರದ ದುಡ್ಡು ಜನಸಾಮಾನ್ಯರ ಅರ್ಥದಲ್ಲಿ ವರದಕ್ಷಿಣೆಯಲ್ಲ ಎಂದು ಕೋರ್ಟು ಆರೋಪಿಗಳನ್ನು ಬಿಟ್ಟಿತು. 2015ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಕಾನೂನನ್ನು ಸರಿಯಾಗಿ ಹೇಳಿಲ್ಲ ಎಂದಿತು. 2022ರಲ್ಲಿ ಮನೆ ಕಟ್ಟಲು ಕೇಳಿದ ಹಣವೂ ವರದಕ್ಷಿಣೆಯೇ, ಪದಕ್ಕೆ ವಿಶಾಲ ಅರ್ಥ ಕೊಡಬೇಕು ಎಂದು ಮತ್ತೊಮ್ಮೆ ಹೇಳಿತು. ಅಂದರೆ ಎಂಟು ವರ್ಷ ಕಾಲ ‘ಗೊಬ್ಬರ’ ಎಂಬ ಪದ ಎಷ್ಟೋ ಮಂದಿಯ ಪಾಲಿಗೆ ಬಾಗಿಲು ಮುಚ್ಚಿತ್ತು. ನಿಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ಲಿಗೆ, ಟ್ರ್ಯಾಕ್ಟರ್ ಕಂತಿಗೆ ಎಂದು ಕೇಳುತ್ತಾರಲ್ಲ, ಅದೂ ಇದೇ ಸಾಲಿನದು.

2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಇವು ಆ ಪದದ ಕೆಳಗೆ ಬಂದವು ಮಾತ್ರ. ಸ್ಟೋವ್ ಸಿಡಿತ, ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ ಎಂಬ ಪದಗಳ ಕೆಳಗೆ ಹೂತುಹೋದವರು ಈ ಎಣಿಕೆಯಲ್ಲಿಲ್ಲ.

ಆದ್ದರಿಂದ ನೀವು ಬರೆಯುವಾಗ ಅವಳ ಮಾತನ್ನು ಅವಳ ಮಾತಿನಲ್ಲೇ ಮೊದಲು ಬರೆಯಿರಿ. "ವರದಕ್ಷಿಣೆಗಾಗಿ ಮಾನಸಿಕ ಹಾಗೂ ದೈಹಿಕ ಕಿರುಕುಳ" ಎಂಬ ಸಿದ್ಧ ವಾಕ್ಯ ನೂರು ದೂರುಗಳಲ್ಲಿ ಒಂದೇ ರೀತಿ ಇದ್ದರೆ ವಿಚಾರಣೆಯಲ್ಲಿ ಎದುರು ವಕೀಲರು ಅದನ್ನೇ ಹಿಡಿದು ಇದು ಕಲಿಸಿಕೊಟ್ಟ ಮಾತು ಎನ್ನುತ್ತಾರೆ. ಯಾರು ಕೇಳಿದರು, ಯಾವ ಹಬ್ಬದಲ್ಲಿ, ಯಾವ ಪದ ಬಳಸಿ, ಎಷ್ಟು, ಕೊಡದಿದ್ದಾಗ ಏನು ಮಾಡಿದರು, ಇಷ್ಟು ಅವಳ ಬಾಯಿಂದ ಬರಲಿ. ಅವಳು ‘ಸಾಲ’ ಎಂದರೆ ಸಾಲ ಎಂದೇ ಬರೆದು, ಅದು ಎಂದಾದರೂ ಮರಳಿತೇ ಎಂದು ಕೇಳಿ. ಬೇರೆ ಭಾಷೆಯವಳಾದರೆ ಅವಳ ಪದವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟು, ಪಕ್ಕದಲ್ಲಿ ಯಾರು ಯಾರಿಗೆ ಕೊಟ್ಟದ್ದು ಎಂದು ಬಿಡಿಸಿ ಬರೆಯಿರಿ. ಕಾನೂನಿನ ಪದ ಆಮೇಲೆ ಬರಲಿ. ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86, 304ಬಿ ಈಗ 80. 2024ರ ಜುಲೈ 1ರಿಂದ. ಅದನ್ನು ವಕೀಲೆಯರು ನೋಡಿಕೊಳ್ಳುತ್ತಾರೆ.

ತಾಯಿತಂದೆಯರು ಆ ಪದಕ್ಕೆ ಹೆದರಲು ಇನ್ನೊಂದು ಕಾರಣವಿದೆ. ಕಾಯಿದೆ ಕೊಟ್ಟವರನ್ನೂ ಶಿಕ್ಷಿಸುತ್ತದೆ. ಆದರೆ ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ ಎಂದು ಕಲಂ 7ರಲ್ಲಿ ಸೇರಿಸಿದ್ದಾರೆ. ಇದನ್ನು ಅವರಿಗೆ ಕೂರಿಸಿಕೊಂಡು ಹೇಳಿ. ಜೊತೆಗೆ ಕಲಂ 6ನ್ನೂ ಹೇಳಿ. ಯಾರ ಕೈಗೆ ಸೇರಿದ್ದರೂ ಆ ಹಣ, ಆ ಒಡವೆ ಮೂರು ತಿಂಗಳೊಳಗೆ ಹೆಣ್ಣಿಗೆ ಸೇರಬೇಕು ಎನ್ನುತ್ತದೆ ಅದು. ದಕ್ಷಿಣೆ ಮರಳದು ಎಂಬುದು ನಮ್ಮ ಭಾಷೆಯ ನಂಬಿಕೆ. ಮರಳಿಸಬೇಕು ಎಂಬುದು ಕಾಯಿದೆ. ದೂರಿನ ಕೊನೆಯಲ್ಲಿ ಒಡವೆ, ಪಾತ್ರೆ, ಹಣದ ಪಟ್ಟಿ ಮಾಡುವಾಗ ಮೇಲೆ ‘ವರದಕ್ಷಿಣೆ ವಿವರ’ ಎಂದಷ್ಟೇ ಬರೆದು ಬಿಡಬೇಡಿ. ಅವಳ ಮೈಮೇಲೆ ಹಾಕಿದ್ದು ಬೇರೆ, ಅವನ ಕೈಗೆ ಕೊಟ್ಟದ್ದು ಬೇರೆ, ಎರಡು ಪಟ್ಟಿ ಮಾಡಿ. ಎರಡನ್ನೂ ಅವಳಿಗೆ ಓದಿ ಹೇಳಿ, ಹೌದು ಎಂದಮೇಲೆ ಸಹಿ ಹಾಕಿಸಿ.