ಒಂದು ಹಾವು, ಅರವತ್ತು ಇಲಿ

ಊಟ ಮಾಡ್ತಾ ಕೇಳ್ತಿರೋರು ಯಾರಾದ್ರೂ ಇದ್ರೆ, ದಯವಿಟ್ಟು ಊಟ ಮುಗಿಸ್ಕೊಂಡು ಬನ್ನಿ. ಇವತ್ತಿನ ವಿಷಯ ಇಲಿ.

ಹೋದ ಸಲ ನನ್ನ ಹಾವಿನ ಬಗ್ಗೆ ಹೇಳಿದ್ದೆ. ಹೊಸಬರಿಗಾಗಿ ಇನ್ನೊಂದ್ಸಲ: ನಾನಿರೋದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ರ. ಇಲ್ಲಿ ಕಾರ್ನ್ ಸ್ನೇಕ್ ಸಾಕೋದು ನಮ್ಮ ಕಡೆ ಲವ್ ಬರ್ಡ್ಸ್ ಸಾಕಿದಷ್ಟೇ ಮಾಮೂಲು. ವಿಷ ಇಲ್ಲದ ಹಾವು, ಕಿತ್ತಳೆ ಬಣ್ಣದ ಮೈ, ಬೆಳೆದ್ರೆ ನಾಲ್ಕೈದು ಅಡಿ. ಆ ಸಂಚಿಕೆ ಕೇಳಿದ ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಅದಕ್ಕೆ ಹಾಕೋ ಇಲೀನ ಮನೇಲೇ ಸಾಕಿಬಿಡಬಹುದಲ್ವಾ?"

ಸಾಕಬಹುದು. ನಾನು ಏಳು ತಿಂಗಳು ಸಾಕಿದ್ದೆ.

ಅಮ್ಮನಿಗೆ ಫೋನಲ್ಲಿ ಹೇಳಿದಾಗ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಇಲ್ಲಿ ನಾವು ಅಟ್ಟದ ಮೇಲೆ ಬೋನು ಇಟ್ಟು ಹಿಡೀತಾ ಇದ್ದೀವಿ, ನೀನು ದುಡ್ಡು ಕೊಟ್ಟು ತಂದು ಸಾಕ್ತಾ ಇದ್ದೀಯೇನೋ?" ಅಂದ್ರು. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯೋ ಮನೆ ನಮ್ಮದು. ಹಾವು ಹಾಲು ಕುಡಿಯಲ್ಲ ಕಣಮ್ಮ, ಇಲಿ ತಿನ್ನುತ್ತೆ ಅಂತ ಹೇಳೋಕೆ ಹೋಗಿ ಬೈಸಿಕೊಂಡೆ.

ಶುರು ಮಾಡಿದ್ದು ದುಡ್ಡು ಉಳಿಸೋಕೆ. ಮರಿ ಹಾವಿಗೆ ವಾರಕ್ಕೊಂದು 'ಪಿಂಕಿ' ಬೇಕು. ಪಿಂಕಿ ಅಂದ್ರೆ ಆಗಷ್ಟೇ ಹುಟ್ಟಿದ, ಕೂದಲಿಲ್ಲದ, ಕಣ್ಣು ಬಿಡದ ಇಲಿಮರಿ. ಅಂಗಡೀಲಿ ಅದನ್ನ ಫ್ರೀಜ್ ಮಾಡಿ ಮಾರ್ತಾರೆ. ಪ್ರತಿ ಸಲ ಕೊಳ್ಳೋ ಬದಲು ಒಂದು ಗಂಡು, ಮೂರು ಹೆಣ್ಣು ಬಿಳಿ ಇಲಿ ತಂದೆ. ದೊಡ್ಡ ಪ್ಲಾಸ್ಟಿಕ್ ಡಬ್ಬ, ಮೇಲೆ ಜಾಲರಿ, ತಳಕ್ಕೆ ಆಸ್ಪೆನ್ ಮರದ ಹೊಟ್ಟು, ಒಂದು ನೀರಿನ ಬಾಟಲಿ. ಸೀಡರ್ ಹೊಟ್ಟು ಮಾತ್ರ ಹಾಕಬೇಡಿ, ಅದರ ವಾಸನೆಯ ಎಣ್ಣೆ ಇಲಿಗಳಿಗೆ ಒಳ್ಳೇದಲ್ಲ.

ಈಗ ಲೆಕ್ಕ ಕೇಳಿ, ನಾನು ಮೊದಲೇ ಮಾಡಬೇಕಿದ್ದ ಲೆಕ್ಕ. ಇಲಿಯ ಗರ್ಭ 19ರಿಂದ 21 ದಿನ. ಒಂದು ಸೂಲಿಗೆ ಏಳೆಂಟು ಮರಿ ಅಂತ ಇಟ್ಕೊಳ್ಳಿ. ಹೆತ್ತ 24 ಗಂಟೆಯೊಳಗೆ ಆ ತಾಯಿ ಮತ್ತೆ ಗರ್ಭ ಧರಿಸಬಹುದು. ಗಂಡು ಜೊತೇಲೇ ಇದ್ರೆ ಧರಿಸಿಯೇ ಧರಿಸುತ್ತೆ. ಅಂದ್ರೆ ಮೂರು ಹೆಣ್ಣಿಂದ ತಿಂಗಳಿಗೆ ಇಪ್ಪತ್ತರ ಮೇಲೆ ಮರಿ. ನನ್ನ ಹಾವಿಗೆ ಬೇಕಿದ್ದದ್ದು ತಿಂಗಳಿಗೆ ನಾಲ್ಕು! ದೊಡ್ಡದಾದ ಮೇಲೂ ಹತ್ತು ದಿನಕ್ಕೊಂದು ಬೆಳೆದ ಇಲಿ, ವರ್ಷಕ್ಕೆ 36. ಮದುವೆ ಮನೆಯ ಅಡುಗೆ ಮಾಡಿ ಒಬ್ಬನನ್ನ ಊಟಕ್ಕೆ ಕೂರಿಸಿದ ಹಾಗೆ.

ಮೂರು ವಾರಕ್ಕೆ ಮರಿಗಳು ಹಾಲು ಬಿಡುತ್ತವೆ. ಆಗಲೇ ಗಂಡು-ಹೆಣ್ಣು ಬೇರೆ ಮಾಡಬೇಕು, ಯಾಕಂದ್ರೆ ಐದಾರು ವಾರಕ್ಕೆ ಅವೂ ಮರಿ ಹಾಕೋಕೆ ತಯಾರು. ಆಫೀಸಲ್ಲಿ ಒಂದು ರಿಲೀಸ್ ಇತ್ತು, ನಾನು ತಡ ಮಾಡಿದೆ. ಒಂದು ಭಾನುವಾರ ಕೂತು ಎಣಿಸಿದ್ರೆ ಅರವತ್ತೊಂದು ಇಲಿ. ಗಂಡುಗಳು ಒಂದರ ಬಾಲ ಒಂದು ಕಚ್ಚಿ ರಕ್ತ. ಜನ ಹೆಚ್ಚಾಗಿ, ನಾನು ಪದೇ ಪದೇ ಗೂಡು ಕೆದಕಿ ನೋಡಿದ್ದಕ್ಕೋ ಏನೋ, ಒಂದು ತಾಯಿ ತನ್ನ ಮರಿಗಳನ್ನೇ ತಿಂದಿತ್ತು. ಅದು ಕೆಟ್ಟ ತಾಯಿ ಅಲ್ಲ. ಒತ್ತಡ ಆದ್ರೆ ಇಲಿಗಳು ಹಾಗೇ ಮಾಡೋದು.

ಟೆಕ್ಸಸ್ ಬೇಸಿಗೆ ಬಂತು. ಗ್ಯಾರೇಜಲ್ಲಿ ಇಟ್ರೆ ಬೆಂದು ಹೋಗ್ತವೆ ಅಂತ ಡಬ್ಬಗಳನ್ನ ಬಟ್ಟೆ ಒಗೆಯೋ ರೂಮಿಗೆ ತಂದೆ. ಗಂಡಿಲಿ ಉಚ್ಚೆಯ ವಾಸನೆ ಗೊತ್ತಾ? ಎರಡು ದಿನಕ್ಕೊಮ್ಮೆ ಹೊಟ್ಟು ಬದಲಿಸಿದ್ರೂ ಮೂಗಿಗೆ ಅಮೋನಿಯಾ ಹೊಡೆಯುತ್ತೆ. ನನ್ನ ಶರ್ಟಿಗೂ ಬಂತು.

ಇನ್ನು ಯಾರೂ ಹೇಳದ ಭಾಗ. ಜೀವಂತ ಇಲೀನ ಹಾವಿನ ಪೆಟ್ಟಿಗೆಗೆ ಬಿಡಬಾರದು. ಹಸಿವಿಲ್ಲದ ಹಾವನ್ನ ಇಲಿ ಕಚ್ಚಿ ಗಾಯ ಮಾಡುತ್ತೆ, ಇಲಿಗೂ ಅದು ಹಿಂಸೆ. ಹಾಗಾದ್ರೆ ಕೊಲ್ಲೋದು ಯಾರು? ನೀವೇ. ಬೆಳೆದ ಇಲಿಗೆ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ತುಂಬೋ ವಿಧಾನ ಇದೆ. ಅಮೆರಿಕದ ಪಶುವೈದ್ಯರ ಸಂಘ ಎವಿಎಂಎ, ಗ್ಯಾಸ್ ಎಷ್ಟು ವೇಗದಲ್ಲಿ ಹೋಗಬೇಕು ಅಂತ ನಿಯಮವನ್ನೇ ಬರೆದಿದೆ. ಅದಕ್ಕೆ ಸಿಲಿಂಡರ್, ರೆಗ್ಯುಲೇಟರ್ ಬೇಕು. ಅಡುಗೆ ಸೋಡಾ, ವಿನೆಗರ್ ಕಲಸಿ ಮಾಡ್ತೀನಿ ಅನ್ನೋ ವಿಡಿಯೋಗಳನ್ನ ನಂಬಬೇಡಿ. ಆಗಷ್ಟೇ ಹುಟ್ಟಿದ ಮರಿಗಳಂತೂ ಆಮ್ಲಜನಕ ಇಲ್ಲದೆ ಬಹಳ ಹೊತ್ತು ತಡ್ಕೊಳ್ತವೆ, ಅವಕ್ಕೆ ಆ ಗ್ಯಾಸ್ ಬೇಗ ಕೆಲಸ ಮಾಡಲ್ಲ. ಬದುಕಿರೋ ಮರೀನ ಫ್ರೀಜರ್‌ಗೆ ಹಾಕೋರೂ ಇದ್ದಾರೆ. ಅದು ಕ್ರೌರ್ಯ, ಬೇರೆ ಹೆಸರಿಲ್ಲ.

ಮೊದಲ ಸಲ ಮಾಡಿದ ರಾತ್ರಿ ನನಗೆ ಊಟ ಸೇರಲಿಲ್ಲ. ಕೋಳಿ ತಿನ್ನೋನು ನಾನು, ಹಾಗಾಗಿ ಇದರಲ್ಲಿ ನಾಟಕ ಮಾಡಲ್ಲ. ಆದರೆ ಕೋಳೀನ ನಾನು ಕೈಯಾರೆ ಸಾಕಿರಲಿಲ್ಲ. ಈ ಇಲಿಗಳು ನನ್ನ ಹೆಜ್ಜೆ ಸದ್ದಿಗೆ ಜಾಲರಿ ಹತ್ರ ಬರ್ತಿದ್ದವು.

ನಿಲ್ಲಿಸಿದ್ದಕ್ಕೆ ಕಾರಣ ಬೇರೆ. ಹೆಂಡತಿ ಬಸುರಿ ಅಂತ ಗೊತ್ತಾದ ದಿನ ಡಾಕ್ಟರ್ ಕೇಳಿದ್ರು, ಮನೇಲಿ ಸಾಕುಪ್ರಾಣಿ ಇದಾವಾ? "ಒಂದು ಹಾವು," ಅಂದೆ. ಅವಳು ನನ್ನ ಮುಖ ನೋಡಿ, "ಇಲಿ ಹೇಳು," ಅಂದ್ಳು. ಇಲಿಗಳಿಂದ ಎಲ್‌ಸಿಎಂವಿ ಅನ್ನೋ ವೈರಸ್ ಬರಬಹುದು. ನಮಗೆ ಬಂದ್ರೆ ಜ್ವರದ ಹಾಗೆ ಹೋಗಬಹುದು, ಹೊಟ್ಟೆಯಲ್ಲಿರೋ ಮಗುವಿನ ಮಿದುಳಿಗೆ, ಕಣ್ಣಿಗೆ ಶಾಶ್ವತ ಹಾನಿ ಮಾಡಬಹುದು. ಬಸುರಿಯರು ಇಲಿಗಳಿಂದ ದೂರ ಇರಬೇಕು ಅಂತ ಅಮೆರಿಕದ ಸಿಡಿಸಿ ಸ್ಪಷ್ಟವಾಗಿ ಹೇಳುತ್ತೆ. ನಾನು ಅದನ್ನ ಬಟ್ಟೆ ಒಗೆಯೋ ರೂಮಲ್ಲಿ ಇಟ್ಟಿದ್ದೆ! ಆ ಸಂಜೆಯೇ ಮೂವತ್ತು ಹಾವು ಸಾಕಿರೋ ಒಬ್ಬರಿಗೆ ಎಲ್ಲಾ ಡಬ್ಬ ಕೊಟ್ಟು ಬಂದೆ. ಅವಳ ರಕ್ತ ಪರೀಕ್ಷೆ ವರದಿ ಬರೋವರೆಗೂ ಸರಿಯಾಗಿ ನಿದ್ದೆ ಇಲ್ಲ. ಏನೂ ಇರಲಿಲ್ಲ. ಮಗಳಿಗೆ ಈಗ ಒಂದೂವರೆ ವರ್ಷ.

ಈಗ ಫ್ರೀಜ್ ಆದದ್ದನ್ನೇ ತರಿಸ್ತೀನಿ. ಅದರಲ್ಲೂ ಸಾಲ್ಮೊನೆಲ್ಲಾ ಇರಬಹುದು, ಫ್ರೀಜರ್ ಅದನ್ನ ಕೊಲ್ಲಲ್ಲ. ಹಾಗಾಗಿ ಅಡುಗೆಮನೇಲಿ ಕರಗಿಸಬೇಡಿ, ಮೈಕ್ರೋವೇವ್ ಬೇಡವೇ ಬೇಡ, ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೀರಿ. ಹತ್ತು-ಹದಿನೈದು ಹಾವು ಇರೋರಿಗೆ ಮಾತ್ರ ಇಲಿ ಸಾಕೋದು ಲೆಕ್ಕಕ್ಕೆ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಬೆಂಗಳೂರಿಂದ ಕೇಳಿದವರಿಗೆ ಒಂದು ಮಾತು. ಕೇರೆ, ನಾಗರ, ಹೆಬ್ಬಾವು, ನಮ್ಮ ನೆಲದ ಯಾವ ಹಾವನ್ನೂ ಮನೇಲಿ ಸಾಕೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬಾಲ್ ಪೈಥಾನ್ ಥರದ ವಿದೇಶಿ ಹಾವು ಇದ್ರೆ 2024ರ ನಿಯಮದ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಇಲಿ ಲೆಕ್ಕ ಹಾಕೋ ಮುಂಚೆ ಆ ಕಾಗದ ಇದೆಯಾ ನೋಡ್ಕೊಳ್ಳಿ.

ಮುಂದಿನ ವಾರ ಹಾವು ಪೊರೆ ಬಿಡೋ ಬಗ್ಗೆ ಮಾತಾಡೋಣ. ಅದನ್ನ ಊಟ ಮಾಡ್ತಾನೂ ಕೇಳಬಹುದು.