ಹಗುರ ಚಕ್ರದ ಲಾಭವೆಷ್ಟು?

ಕಳೆದ ತಿಂಗಳು ನನ್ನ ಸೋದರಳಿಯ ಮನೆಗೆ ಬಂದಿದ್ದ. ಅವನದು ಐದು ವರ್ಷದ ಹಿಂದೆ ಕೊಂಡ ಸಣ್ಣ ಕಾರು. ಶಿವಮೊಗ್ಗದಲ್ಲಿ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಅದರ ಓಡಾಟ. ವರ್ಷಕ್ಕೆ ಮೂರು ನಾಲ್ಕು ಸಲ ತಾಯಿಯನ್ನೂ, ಎಂದರೆ ನನ್ನ ಅಕ್ಕನನ್ನೂ, ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು ತೀರ್ಥಹಳ್ಳಿ, ಆಗುಂಬೆಯ ದಾರಿಯಾಗಿ ಉಡುಪಿಗೆ ಹೋಗಿ ಬರುತ್ತಾನೆ.

“ಮಾವ, ಕೈಯಲ್ಲಿ ಸ್ವಲ್ಪ ಹಣ ಕೂಡಿದೆ. ಕಾರಿಗೆ ಹಗುರವಾದ ಅಲಾಯ್ ಚಕ್ರ ಹಾಕಿಸೋಣ ಅಂತಿದ್ದೇನೆ. ಮುಂದಿನ ಬ್ರೇಕಿಗೆ ತೂತು ಕೊರೆದ ಹಗುರ ಡಿಸ್ಕು ಬಂದಿದೆಯಂತೆ, ಅದನ್ನೂ ಹಾಕಿಸಿದರೆ ಗಾಡಿ ಚುರುಕಾಗುತ್ತದೆ, ಬ್ರೇಕೂ ಚೆನ್ನಾಗಿ ಹಿಡಿಯುತ್ತದೆ ಅನ್ನುತ್ತಾರೆ. ನೀವೇನು ಹೇಳುತ್ತೀರಿ?” ಎಂದು ಕೇಳಿದ.

ಉತ್ತರ ಹೇಳುವ ಮೊದಲು ನಾನು ಎದ್ದು ಹೋಗಿ ಬಾಗಿಲ ಮುಂದೆ ನಿಂತಿದ್ದ ಅವನ ಕಾರನ್ನು ಒಂದು ಸುತ್ತು ನೋಡಿ ಬಂದೆ. ಅಲ್ಲಿ ಕಂಡದ್ದೇನೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅವನ ಪ್ರಶ್ನೆಯನ್ನೇ ವಿಚಾರ ಮಾಡೋಣ. ಈ ಪ್ರಶ್ನೆ ಅವನೊಬ್ಬನದಲ್ಲ. ಕಾರು ಇಟ್ಟುಕೊಂಡ ಅನೇಕ ಸಂಸಾರಗಳಲ್ಲಿ, ಅದರಲ್ಲೂ ತರುಣರಿರುವ ಮನೆಗಳಲ್ಲಿ, ಇಂದಲ್ಲ ನಾಳೆ ಏಳುವ ಪ್ರಶ್ನೆ.

ಹಗುರ ಚಕ್ರದ ಹಂಬಲ ಹೊಸದೇನೂ ಅಲ್ಲ. ೧೯೨೪ರಲ್ಲಿ ಎಟ್ಟೊರೆ ಬುಗಾಟಿ ಎಂಬಾತ ‘ಟೈಪ್ ೩೫’ ಎಂಬ ತನ್ನ ಪಂದ್ಯದ ಕಾರಿಗೆ ಅಲ್ಯೂಮಿನಿಯಂ ಎರಕದ ಚಕ್ರಗಳನ್ನು ಮಾಡಿಸಿದ. ಬ್ರೇಕಿನ ಡ್ರಮ್ಮು ಕೂಡ ಅದೇ ಎರಕದಲ್ಲಿ ಸೇರಿತ್ತು. ಆ ಕಾರು ಮುಂದೆ ಅನೇಕ ಪಂದ್ಯಗಳನ್ನು ಗೆದ್ದು ಹೆಸರಾಯಿತು. ಆದರೆ ಅದೇ ವರ್ಷ ಫ್ರಾನ್ಸಿನ ಲಿಯೋನ್ ನಗರದ ಬಳಿ ಮೊದಲ ಸಲ ಪಂದ್ಯಕ್ಕಿಳಿದಾಗ ಅದಕ್ಕೆ ಗೆಲುವು ಸಿಗಲಿಲ್ಲ. ಕಾಡಿದ್ದು ಚಕ್ರವಲ್ಲ, ಟೈರು. ಈ ಮಾತನ್ನು ನೆನಪಿನಲ್ಲಿಡಿ. ನಮ್ಮ ವಿಚಾರವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಚಕ್ರ ಹಗುರವಾದರೆ ಏನು ಲಾಭ? ಬೀಸುವ ಕಲ್ಲನ್ನು ತಿರುಗಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಂತ ಕಲ್ಲನ್ನು ತಿರುಗಿಸಲು ಬಲ ಬೇಕು, ತಿರುಗುತ್ತಿರುವುದನ್ನು ನಿಲ್ಲಿಸಲೂ ಬಲ ಬೇಕು. ಕಲ್ಲು ಭಾರವಾದಷ್ಟೂ ಈ ಬಲ ಹೆಚ್ಚು. ಕಾರಿನ ಚಕ್ರವಂತೂ ಎರಡು ಕೆಲಸ ಮಾಡುತ್ತದೆ. ಕಾರಿನೊಡನೆ ಮುಂದಕ್ಕೆ ಸಾಗುತ್ತದೆ, ಜೊತೆಗೆ ತನ್ನ ಸುತ್ತ ತಾನೂ ತಿರುಗುತ್ತದೆ. ಆದ್ದರಿಂದ ಚಕ್ರದ ತೀರ ಅಂಚಿನಲ್ಲಿರುವ ಒಂದು ಕಿಲೋ ತೂಕ, ವೇಗ ಹೆಚ್ಚಿಸುವಾಗಲೂ ತಗ್ಗಿಸುವಾಗಲೂ, ಕಾರಿನೊಳಗಿಟ್ಟ ಎರಡು ಕಿಲೋ ತೂಕದಂತೆ ವರ್ತಿಸುತ್ತದೆ. ಅಂಚಿನಿಂದ ಒಳಗೆ ಬಂದಷ್ಟೂ ಇದು ಕಡಿಮೆಯಾಗುತ್ತದೆ. ಒಂದು ಕಿಲೋ ಹತ್ತು ಕಿಲೋಗೆ ಸಮ ಎಂದು ಕೆಲವರು ಹೇಳುವುದುಂಟು. ಅದು ಮಾರುವವರ ಲೆಕ್ಕವೇ ಹೊರತು ಭೌತಶಾಸ್ತ್ರದ ಲೆಕ್ಕವಲ್ಲ.

ಈಗ ನಮ್ಮ ಹುಡುಗನ ಕಾರಿಗೆ ಇದನ್ನು ಹಚ್ಚಿ ನೋಡೋಣ. ಜನರೂ ಸೇರಿ ಕಾರಿನ ತೂಕ ೧,೨೦೦ ಕಿಲೋ. ಹೊಸ ಚಕ್ರ ಒಂದೊಂದೂ ಎರಡು ಕಿಲೋ ಹಗುರ ಎನ್ನಿ. ನಾಲ್ಕು ಚಕ್ರಕ್ಕೆ ಎಂಟು ಕಿಲೋ ಉಳಿಯಿತು. ಎಲ್ಲವೂ ಅಂಚಿನಲ್ಲೇ ಉಳಿಯಿತೆಂದು ಉದಾರವಾಗಿ ಒಪ್ಪಿಕೊಂಡರೂ ಅದು ಹದಿನಾರು ಕಿಲೋಗೆ ಸಮ. ೧,೨೦೦ರಲ್ಲಿ ೧೬ ಎಂದರೆ ನೂರಕ್ಕೆ ಒಂದೂವರೆಗಿಂತಲೂ ಕಡಿಮೆ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರಿನ ವೇಗ ಮುಟ್ಟಲು ಆ ಕಾರಿಗೆ ೧೪ ಸೆಕೆಂಡು ಬೇಕಾಗಿದ್ದರೆ, ಇನ್ನು ಮೇಲೆ ಒಂದು ಸೆಕೆಂಡಿನ ಐದನೆಯ ಒಂದು ಪಾಲು ಮೊದಲೇ ಮುಟ್ಟೀತು. ಕಾರಿನಲ್ಲಿಟ್ಟಿದ್ದ ಒಂದು ಕೊಡ ನೀರನ್ನು ಇಳಿಸಿದರೂ ಹೆಚ್ಚುಕಡಿಮೆ ಇಷ್ಟೇ ಫಲ. ಪಂದ್ಯದಲ್ಲಿ ಇದು ಸೋಲು ಗೆಲುವಿನ ಮಾತು. ಸಂತೆಯ ದಿನ ಗಾಂಧಿ ಬಜಾರಿನ ನೂಕುನುಗ್ಗಲಿನಲ್ಲಿ ಕಾರು ನಡೆಸುವವನಿಗೆ?

ಹಗುರ ಚಕ್ರಕ್ಕೆ ಇನ್ನೊಂದು ಗುಣವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಚಕ್ರವಿರುವುದು ಸ್ಪ್ರಿಂಗಿನ ಕೆಳಗೆ. ಅದು ಹಗುರವಾಗಿದ್ದರೆ ರಸ್ತೆಯ ಉಬ್ಬುತಗ್ಗುಗಳನ್ನು ಬೇಗ ಅನುಸರಿಸುತ್ತದೆ, ಟೈರು ನೆಲ ಬಿಡುವುದು ಕಡಿಮೆಯಾಗುತ್ತದೆ. ಇದು ನಿಜ. ಆದರೆ ಅಂಗಡಿಯಲ್ಲಿ ನಡೆಯುವುದೇ ಬೇರೆ. ಗಿರಾಕಿ ಹಗುರ ಚಕ್ರ ಬೇಕೆಂದು ಹೋಗುತ್ತಾನೆ. ಚೆಂದ ಕಾಣುತ್ತದೆಂದು ಒಂದೋ ಎರಡೋ ಇಂಚು ದೊಡ್ಡದಾದ ಚಕ್ರ ಹಾಕಿಸಿಕೊಂಡು ಬರುತ್ತಾನೆ. ಚಕ್ರ ದೊಡ್ಡದಾದರೆ ಲೋಹ ಹೆಚ್ಚು, ಆ ಲೋಹ ಅಂಚಿಗೆ ಇನ್ನೂ ಹತ್ತಿರ. ಉಳಿಸಬೇಕೆಂದಿದ್ದ ತೂಕ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬಂತು! ಅದಕ್ಕೆ ಹೊಂದಿಸಲು ಹಾಕುವ ಟೈರಿನ ಪಕ್ಕೆ ಗಿಡ್ಡ. ಗಾಳಿಯ ಮೆತ್ತೆ ತೆಳು. ಮಳೆಗಾಲದಲ್ಲಿ ನೀರು ತುಂಬಿ ಕಾಣದ ಗುಂಡಿಗೆ ಚಕ್ರ ಬಿದ್ದರೆ ಪೆಟ್ಟು ನೇರವಾಗಿ ಲೋಹಕ್ಕೆ. ಉಕ್ಕಿನ ಚಕ್ರವಾದರೆ ಸಾಮಾನ್ಯವಾಗಿ ಬಗ್ಗುತ್ತದೆ, ಅಲ್ಪಸ್ವಲ್ಪವಾದರೆ ಬಡಿದು ನೆಟ್ಟಗೆ ಮಾಡಿಕೊಡುತ್ತಾರೆ. ಕಳಪೆ ಎರಕದ ಅಲಾಯ್ ಚಕ್ರ ಬಿರುಕು ಬಿಟ್ಟೀತು.

ಇನ್ನು ಬ್ರೇಕಿನ ಮಾತು. ಬ್ರೇಕು ಮಾಡುವ ಕೆಲಸ ಒಂದೇ: ಓಟವನ್ನು ಕಾವಾಗಿ ಬದಲಾಯಿಸುವುದು. ತಿರುಗುವ ಡಿಸ್ಕನ್ನು ಎರಡು ಕಡೆಯಿಂದ ಪ್ಯಾಡುಗಳು ಅಮುಕಿ ಹಿಡಿಯುತ್ತವೆ. ತಿಕ್ಕಾಟದಿಂದ ಡಿಸ್ಕು ಬಿಸಿಯಾಗುತ್ತದೆ. ಆ ಬಿಸಿ ಗಾಳಿಗೆ ಹೋಗುತ್ತದೆ. ಅಡಿಗೆಮನೆಯಲ್ಲಿ ದೋಸೆಯ ಕಾವಲಿಯನ್ನು ನೋಡಿ. ದಪ್ಪ ಕಾವಲಿ ನಿಧಾನವಾಗಿ ಕಾಯುತ್ತದೆ, ತೆಳು ಕಾವಲಿ ಬೇಗ ಕಾದು ದೋಸೆ ಸೀಯುತ್ತದೆ. ಡಿಸ್ಕೂ ಹಾಗೆಯೇ. ಅದರ ತೂಕ ವ್ಯರ್ಥವಾದ ಹೊರೆಯಲ್ಲ, ಕಾವನ್ನು ತುಂಬಿಡುವ ಕಣಜ.

ನಮ್ಮ ಕಾರಿನ ಮುಂದಿನ ಎರಡು ಡಿಸ್ಕುಗಳು ಸೇರಿ ೧೦ ಕಿಲೋ ಬೀಡುಕಬ್ಬಿಣ ಎಂದಿಟ್ಟುಕೊಳ್ಳೋಣ. ೬೦ ಕಿಲೋಮೀಟರ್ ವೇಗದಲ್ಲಿರುವ ಕಾರನ್ನು ನಿಲ್ಲಿಸಿ, ಆ ಕಾವೆಲ್ಲ ಈ ಡಿಸ್ಕುಗಳಿಗೇ ಹೋದರೆ ಅವುಗಳ ಉಷ್ಣತೆ ಸುಮಾರು ೩೬ ಡಿಗ್ರಿ ಸೆಲ್ಸಿಯಸ್ ಏರುತ್ತದೆ. ನೂರು ಕಿಲೋಮೀಟರ್ ವೇಗದಿಂದಾದರೆ ನೂರು ಡಿಗ್ರಿ. ತೂಕವನ್ನು ೮ ಕಿಲೋಗೆ ಇಳಿಸಿದರೆ ಆ ನೂರು ೧೨೫ ಆಗುತ್ತದೆ. ಹೀಗೆ, ತೂತು ಕೊರೆದು ಹಗುರ ಮಾಡಿದ ಡಿಸ್ಕು ಒಂದೊಂದು ಸಲವೂ ಹೆಚ್ಚು ಕಾಯುತ್ತದೆ. ತೂತುಗಳ ಸುತ್ತ ಬಿರುಕು ಹುಟ್ಟುವ ಭಯವೂ ಉಂಟು.

ಹಾಗಾದರೆ ಪಂದ್ಯದ ಕಾರುಗಳಲ್ಲಿ, ಹಿಂದೆ ಹಾರಾಡುತ್ತಿದ್ದ ಕಾನ್ಕಾರ್ಡ್ ವಿಮಾನದಲ್ಲಿ, ಹಗುರ ಬ್ರೇಕು ಏಕೆ ಹಾಕಿದರು ಎಂದು ನೀವು ಕೇಳಬಹುದು. ಅವು ಕಾರ್ಬನ್ನಿನವು. ಕಬ್ಬಿಣ ತಾಳಲಾರದ ಕಾವನ್ನು ಅವು ತಾಳುತ್ತವೆ. ಬೆಲೆಯೂ ಹಾಗೆಯೇ ಇರುತ್ತದೆ. ಅಲ್ಲದೆ ಪಂದ್ಯದ ಕಾರಿನ ಕಾರ್ಬನ್ ಬ್ರೇಕು ಚೆನ್ನಾಗಿ ಕಾದ ಮೇಲೆಯೇ ಸರಿಯಾಗಿ ಹಿಡಿಯುವುದು. ಬೆಳಗ್ಗೆ ಮನೆಯಿಂದ ಹೊರಟು ಮೊದಲ ತಿರುವಿನಲ್ಲೇ ಮಗುವೊಂದು ಅಡ್ಡ ಬಂದರೆ ಅಂಥ ಬ್ರೇಕು ನಮಗೆ ಏನು ಪ್ರಯೋಜನ?

ಇಷ್ಟಕ್ಕೂ, ಕಾರನ್ನು ನಿಲ್ಲಿಸುವವರು ಯಾರು? ಬ್ರೇಕು ಎನ್ನುತ್ತೇವೆ. ಬ್ರೇಕು ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರು. ಅಂಗೈಯಷ್ಟಗಲದ ನಾಲ್ಕು ರಬ್ಬರಿನ ತುಂಡುಗಳು ನೆಲವನ್ನು ಹಿಡಿದುಕೊಂಡಿರುತ್ತವೆ. ಇಡೀ ಸಂಸಾರ ಆ ನಾಲ್ಕು ಅಂಗೈಗಳ ಮೇಲೆ ಕೂತಿರುತ್ತದೆ. ಬಲವಾಗಿ ತುಳಿದರೆ ಚಕ್ರ ಜಾರುವಷ್ಟು ಶಕ್ತಿ ಇಂದಿನ ಸುಸ್ಥಿತಿಯ ಎಲ್ಲ ಕಾರುಗಳ ಬ್ರೇಕಿಗೂ ಇದೆ. ಹಾಗೆ ಜಾರದಂತೆ ತಡೆಯುವ ಎ.ಬಿ.ಎಸ್. ಏರ್ಪಾಟು ೨೦೧೯ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿದೆ. ಅಂದ ಮೇಲೆ ಇನ್ನೂ ಬಲವಾದ ಬ್ರೇಕು ಹಾಕಿ ಗಳಿಸುವುದೇನು? ನೆಲದ ಹಿಡಿತ ಎಷ್ಟಿದೆಯೋ ಅಷ್ಟೇ.

೬೦ ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಓಡುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಟೈರಿದ್ದರೆ ಸುಮಾರು ೨೦ ಮೀಟರಿನಲ್ಲಿ ನಿಲ್ಲುತ್ತದೆ. ಮಳೆಯಲ್ಲಿ, ಸವೆದ ಟೈರಿನಲ್ಲಿ, ಹಿಡಿತ ಅರ್ಧಕ್ಕೆ ಇಳಿಯಿತೆನ್ನಿ. ಆ ೨೦ ಮೀಟರು ೪೦ ಆಯಿತು. ಹಗುರ ಚಕ್ರದಿಂದ ನೂರಕ್ಕೆ ಒಂದರಷ್ಟು ಲಾಭಕ್ಕೆ ಹವಣಿಸುವವನು ಟೈರಿನಲ್ಲಿ ನೂರಕ್ಕೆ ನೂರು ಕಳೆದುಕೊಂಡಿರುತ್ತಾನೆ.

ಈಗ ಆಗುಂಬೆಯ ಘಾಟಿಗೆ ಬರೋಣ. ಅಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ನಮ್ಮ ೧,೨೦೦ ಕಿಲೋ ಕಾರು ಐನೂರು ಮೀಟರು ಕೆಳಗಿಳಿದರೆ ಹೊರಬೀಳುವ ಶಕ್ತಿ ಎಷ್ಟು ಗೊತ್ತೆ? ೬೦ ಕಿಲೋಮೀಟರ್ ವೇಗದಿಂದ ಮೂವತ್ತೈದು ಸಲ ನಿಲ್ಲಿಸಿದಷ್ಟು. ಇದನ್ನೆಲ್ಲ ಬ್ರೇಕಿನ ಮೇಲೆಯೇ ಹೊರಿಸಿದರೆ ಡಿಸ್ಕು ಕಾದು, ಪ್ಯಾಡು ಕಾದು, ಕಾವು ಬ್ರೇಕ್ ಆಯಿಲ್ಲಿಗೂ ಮುಟ್ಟುತ್ತದೆ. ಈ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ‘ಡಾಟ್ ೩’ ದರ್ಜೆಯ ಎಣ್ಣೆ ಹೊಸದಾಗಿದ್ದಾಗ ೨೦೫ ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ನೂರಕ್ಕೆ ಸುಮಾರು ನಾಲ್ಕು ಪಾಲು ನೀರು ಸೇರಿದರೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಎಣ್ಣೆ ಕುದಿದು ಆವಿಯಾದರೆ, ತುಳಿದ ಕಾಲು ಹತ್ತಿಯ ಮೇಲೆ ಇಟ್ಟಂತೆ ಕೆಳಗಿಳಿಯುತ್ತದೆ, ಬ್ರೇಕು ಹಿಡಿಯುವುದಿಲ್ಲ. ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ನಿಮ್ಮ ಎಡಗೈಯಲ್ಲಿದೆ. ಇಳಿಜಾರು ಶುರುವಾಗುವ ಮೊದಲೇ ಎರಡನೆಯ ಗೇರಿಗೆ ಹಾಕಿ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವಂತೆ ಮಾಡುವುದು. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವುದು ಪ್ರಾಣದೊಡನೆ ಚೌಕಾಸಿ ಮಾಡಿದ ಹಾಗೆ.

ಅಳಿಯನ ಕಾರಿನಲ್ಲಿ ನಾನು ಕಂಡದ್ದೇನೆಂದು ಈಗ ಹೇಳಬಹುದು. ಟೈರಿನ ಗೆರೆಗಳ ನಡುವೆ ಸಣ್ಣ ದಿಣ್ಣೆಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದ ಆಳ ೧.೬ ಮಿಲಿಮೀಟರು, ಅಲ್ಲಿಗೆ ಟೈರಿನ ಆಯುಸ್ಸು ಮುಗಿಯಿತು ಎಂದು ಅರ್ಥ. ಅವನ ಮುಂದಿನ ಎರಡು ಟೈರುಗಳೂ ಆ ಮಟ್ಟಕ್ಕೆ ಬಂದಿದ್ದವು. “ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದೆಯಪ್ಪ?” ಎಂದು ಕೇಳಿದೆ. “ಅದನ್ನೂ ಬದಲಾಯಿಸಬೇಕಾ, ಮಾವ?” ಎಂದ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯ ವಾಡಿಕೆ. ಐದು ವರ್ಷದಿಂದ ಅದೇ ಎಣ್ಣೆಯಲ್ಲಿ ಅವನು ನನ್ನ ಅಕ್ಕನನ್ನು ಘಾಟಿ ಇಳಿಸುತ್ತಿದ್ದ.

ಅವನು ನಾಲ್ಕು ಒಳ್ಳೆಯ ಟೈರು ಹಾಕಿಸಿದ, ಪ್ಯಾಡುಗಳನ್ನೂ ಎಣ್ಣೆಯನ್ನೂ ಬದಲಾಯಿಸಿದ. ಕೂಡಿಟ್ಟ ಹಣದಲ್ಲಿ ಅಷ್ಟಿಷ್ಟು ಉಳಿಯಿತು ಕೂಡ. ಆದರೆ ಮುಖ ಸ್ವಲ್ಪ ಸಪ್ಪಗಿತ್ತು. “ಇಷ್ಟು ಖರ್ಚು ಮಾಡಿದರೂ ಕಾರು ನೋಡಲು ಹಿಂದಿನ ಹಾಗೇ ಇದೆ, ಮಾವ” ಎಂದ. ಅವನ ಬೇಸರ ನನಗೆ ಅರ್ಥವಾಗುತ್ತದೆ. ಚೆಂದದ ಮೇಲಿನ ಆಸೆ ತಪ್ಪಲ್ಲ. ಕಾರು ತಯಾರಿಸಿದವರೇ ಒಪ್ಪಿದ ಅಳತೆಯ ಒಳ್ಳೆಯ ಅಲಾಯ್ ಚಕ್ರವನ್ನು ಚೆಂದಕ್ಕಾಗಿ ಹಾಕಿಸಿಕೊಳ್ಳುವವರನ್ನು ನಾನು ಬೇಡವೆನ್ನುವುದಿಲ್ಲ. ಚೆಂದಕ್ಕೆ ಕೊಟ್ಟ ಹಣವನ್ನು ಚೆಂದಕ್ಕೆ ಕೊಟ್ಟೆನೆಂದೇ ತಿಳಿದಿರಬೇಕು. ಕ್ಷೇಮಕ್ಕೆ ಕೊಟ್ಟೆನೆಂದು ಭ್ರಮಿಸಬಾರದು. ಕ್ಷೇಮಕ್ಕೆ ಕೊಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಜಡಿಮಳೆಯಲ್ಲಿ ಘಾಟಿಯ ತಿರುವಿನಲ್ಲಿ, ಎದುರಿಗೆ ಬಸ್ಸು ಬಂದ ಆ ಒಂದು ಕ್ಷಣದಲ್ಲಿ ಮಾತ್ರ ಅದು ಕಾಣುತ್ತದೆ.

ಕೇಳುಗರೆ, ನಾಳೆ ಬೆಳಗ್ಗೆ ಗಾಡಿ ತೆಗೆಯುವ ಮೊದಲು ಒಂದು ನಿಮಿಷ ಬಗ್ಗಿ ನಿಮ್ಮ ಟೈರುಗಳನ್ನು ನೋಡಿ. ಅದಕ್ಕೆ ಕಾಸು ಖರ್ಚಿಲ್ಲ.