ಕತ್ತಿ ಮಾಡುವುದನ್ನು ಕಲಿತದ್ದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ‘ಶಾಲೆ ಬಿಟ್ಟ ಮೇಲೆ ಕಲಿತದ್ದು’ ಎಂಬ ವಿಷಯ ಕೊಟ್ಟಿದ್ದಾರೆ. ನನಗಿಂತ ಮೊದಲು ಮಾತನಾಡಿದವರು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಹೊರದೇಶದಲ್ಲಿ ಕಲಿತದ್ದನ್ನು ಹೇಳಿದರು. ನಾನು ಊರು ಬಿಟ್ಟವನಲ್ಲ. ಎರಡು ಎಕರೆ ಅಡಿಕೆ ತೋಟ, ಒಂದು ತುಂಡು ಗದ್ದೆ, ಎರಡು ಆಕಳು. ಹಾಗಾಗಿ ನಾನು ಕಲಿತದ್ದೂ ಈ ಶಾಲೆಯಿಂದ ಅರ್ಧ ಮೈಲಿಯೊಳಗೇ. ಕಳೆದ ಎರಡು ಮಳೆಗಾಲ ನಮ್ಮೂರ ಆಚಾರ್ರ ಕುಲುಮೆಯಲ್ಲಿ ಕೂತು ಕತ್ತಿ ಮಾಡುವುದನ್ನು ಕಲಿತೆ. ಅದನ್ನೇ ಹೇಳುತ್ತೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಕತ್ತಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೆಟ್ಟಕ್ಕೆ ಹೋಗಿ ಸೊಪ್ಪು ಕಡಿಯಲು ಕೊಕ್ಕಿನಂತೆ ಬಾಗಿದ ಕತ್ತಿ, ಕೊನೆ ಕೊಯ್ಯುವವರ ಹಗುರ ಕತ್ತಿ, ಅಡಿಕೆ ಸುಲಿಯಲು ಮೆಟ್ಟುಗತ್ತಿ, ಅಡುಗೆಮನೆಯಲ್ಲಿ ಈಳಿಗೆ. ಈಗ ಕಾರ್ಬನ್ ಫೈಬರ್ ದೋಟಿ ಬಂದು ಮರ ಹತ್ತುವುದು ಕಡಿಮೆಯಾಗಿದೆ. ಆದರೂ ದೋಟಿಯ ತುದಿಯಲ್ಲಿ ಒಂದು ಕತ್ತಿ ಬೇಕೇ ಬೇಕು. ಸುಲಿಯುವ ಯಂತ್ರ ಬಂದಿದೆ, ಅದರೊಳಗೂ ಅಲಗು ಇದೆ. ಅಂದರೆ ಕತ್ತಿಯ ಕೆಲಸ ಮುಗಿದಿಲ್ಲ. ಕತ್ತಿ ಮಾಡುವವರು ಮುಗಿಯುತ್ತಿದ್ದಾರೆ.

ನನ್ನ ಸೊಪ್ಪಿನ ಕತ್ತಿ ಅಪ್ಪನ ಕಾಲದ್ದು, ಮಸೆದು ಮಸೆದು ಅಗಲದಲ್ಲಿ ಅರ್ಧವಾಗಿತ್ತು. ಪೇಟೆಯಿಂದ ಹೊಳೆಯುವ ಹೊಸದೊಂದನ್ನು ತಂದೆ. ಮೊದಲ ದಿನವೇ ಒಣ ಗೆಲ್ಲಿಗೆ ತಾಗಿ ಅದರ ಬಾಯಿ ಹಾಳೆಯಂತೆ ಮಡಚಿಕೊಂಡಿತು. ಆಚಾರ್ರಲ್ಲಿ ಹೋಗಿ ಹೊಸದು ಮಾಡಿಕೊಡಿ ಎಂದೆ. ಅವರಿಗೆ ಎಪ್ಪತ್ತು ದಾಟಿದೆ. “ಕಣ್ಣು ನೆಟ್ಟಗಿದ್ದು ತಮಾ, ಹೆಗಲು ಕೇಳ್ತಿಲ್ಲೆ. ದೊಡ್ಡ ಸುತ್ತಿಗೆ ಹೊಡಿಯವ್ರು ಬೇಕು. ನೀನೇ ಹೊಡಿ, ನಾ ಹಿಡೀತೆ” ಎಂದರು. ಅವರ ಮಗ ನನ್ನ ಸಹಪಾಠಿ, ಇದೇ ಶಾಲೆಯವನು. ಅದಕ್ಕೇ ನಾನು ಅವರ ಬಾಯಲ್ಲಿ ಈಗಲೂ ‘ತಮಾ’.

ಮೊದಲ ತಿಂಗಳು ನಾನು ಕತ್ತಿಯನ್ನು ಮುಟ್ಟಲಿಲ್ಲ. ಹೊಡೆಯುವುದಷ್ಟೇ ಕೆಲಸ. ಅಡಿಗಲ್ಲಿನ ಮೇಲೆ ಕೆಂಪು ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಆಚಾರ್ರು ಸಣ್ಣ ಸುತ್ತಿಗೆಯಿಂದ ಒಂದು ಕಡೆ ತಟ್ಟುತ್ತಾರೆ. ಅವರು ತಟ್ಟಿದ ಜಾಗಕ್ಕೇ ನನ್ನ ದೊಡ್ಡ ಸುತ್ತಿಗೆ ಬೀಳಬೇಕು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ತಟ್ಟಿದರೆ ಜೋರಾಗಿ. ಕಬ್ಬಿಣ ಬಿಟ್ಟು ಅಡಿಗಲ್ಲಿಗೆ ‘ಟಿಣ್’ ಎಂದು ತಟ್ಟಿದರೆ ನಿಲ್ಲಿಸು ಎಂದರ್ಥ. ಆ ಒಂದು ತಿಂಗಳಲ್ಲಿ ನಾವು ಆಡಿದ ಮಾತು ಕಡಿಮೆ.

ಕುಲುಮೆ ಯಾಕೆ ಕತ್ತಲೆಯಲ್ಲಿರುತ್ತದೆ ಎಂದು ಚಿಕ್ಕವನಿದ್ದಾಗ ನನಗೆ ಅನುಮಾನವಿತ್ತು. ಬಡತನಕ್ಕೆ ಕಿಟಕಿ ಇಟ್ಟಿಲ್ಲವೇನೋ ಎಂದುಕೊಂಡಿದ್ದೆ. ಕಾರಣ ಬೇರೆಯೇ. ಕಬ್ಬಿಣದ ಬಿಸಿಯನ್ನು ಅಳೆಯುವುದು ಬಣ್ಣದಿಂದ. ಬಿಸಿಲಲ್ಲಿ ಕರಿದಾಗಿ ಕಾಣುವ ತುಂಡು ನೆರಳಲ್ಲಿ ಕೆಂಪಗಿರುತ್ತದೆ. ಬೆಳಕು ದಿನವೂ ಒಂದೇ ಸಮನಿದ್ದರೆ ಮಾತ್ರ ಕಣ್ಣಿನ ಲೆಕ್ಕ ಸರಿಬರುತ್ತದೆ. ಕಿತ್ತಳೆ ಬಣ್ಣದಲ್ಲಿದ್ದಾಗ ಬಡಿಯಬೇಕು, ಮಂಕು ಕೆಂಪಿಗೆ ಬಂದರೆ ನಿಲ್ಲಿಸಿ ಮತ್ತೆ ಬೆಂಕಿಗೆ ಇಡಬೇಕು. ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಗಾದೆ ನಮಗೆಲ್ಲ ಗೊತ್ತು. ಯಾವಾಗ ಬಡಿಯುವುದನ್ನು ಬಿಡಬೇಕು ಎಂಬುದು ಗಾದೆಯಲ್ಲಿಲ್ಲ. ಆರಿದ ಮೇಲೂ ಬಡಿದರೆ ಒಳಗೆ ಬಿರುಕು ಬರುತ್ತದೆ. ಆ ಬಿರುಕು ಅವತ್ತು ಕಾಣುವುದಿಲ್ಲ, ಆರು ತಿಂಗಳ ಮೇಲೆ ಬೆಟ್ಟದಲ್ಲಿ ಕಾಣುತ್ತದೆ.

ಆಚಾರ್ರ ಮನೆಯ ಅಮ್ಮ ಬಣ್ಣ ನೋಡದೆಯೇ ಹೇಳುತ್ತಾರೆ. ಮದುವೆಯಾಗಿ ಬಂದಲ್ಲಿಂದ ಕೈಗೆ ತಿರುಗಿಸುವ ಫ್ಯಾನ್ ಬರುವವರೆಗೆ ತಿದಿ ಒತ್ತಿದವರು ಅವರೇ. ಗಾಳಿಯ ಸದ್ದು ಕೇಳಿ ಒಳಮನೆಯಿಂದಲೇ “ಹೆಚ್ಚಾತು” ಎಂದು ಕೂಗುತ್ತಾರೆ. ಊರಿನ ಎಲ್ಲ ಕತ್ತಿಗಳಿಗೂ ನಾವು ಆಚಾರ್ರ ಹೆಸರು ಹೇಳುತ್ತೇವೆ. ಅರ್ಧ ಪಾಲು ಈ ಅಮ್ಮನದ್ದು.

ಕಬ್ಬಿಣ ಎಲ್ಲಿಯದು? ಲಾರಿಯ ಪಾಟಾ. ನಿಮಗೆ ನೆನಪಿರಬಹುದು, 2010ರವರೆಗೆ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹಗಲು ರಾತ್ರಿ ಹೋಗುತ್ತಿದ್ದವು. ರಸ್ತೆ ಹಾಳಾಯಿತು, ಧೂಳು ತಿಂದೆವು. ತುಂಡಾದ ಪಾಟಾಗಳು ಗುಜರಿಗೆ ಬಂದವು. ಆಚಾರ್ರ ಮೂಲೆಯಲ್ಲಿ ಆ ಕಾಲದ ರಾಶಿ ಇನ್ನೂ ಇದೆ. ಅದಿರು ಚೀನಾಕ್ಕೆ ಹೋಯಿತು, ಪಾಟಾ ನಮ್ಮ ಸೊಂಟದ ಕೊಕ್ಕೆಗೆ ಬಂತು.

ಪಾಟಾವೇ ಯಾಕೆ, ಮನೆ ಕಟ್ಟುವ ಕಂಬಿ ಯಾಕಲ್ಲ? ಇಂಗಾಲದ ಲೆಕ್ಕ. ಸಾಮಾನ್ಯ ಕಬ್ಬಿಣದ ಪಟ್ಟಿಯಲ್ಲಿ ನೂರಕ್ಕೆ ಸುಮಾರು 0.2 ಪಾಲು ಇಂಗಾಲ ಇದ್ದರೆ ಪಾಟಾದಲ್ಲಿ 0.5ರಿಂದ 0.6ರಷ್ಟು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಒಂದು ಮಡಚುತ್ತದೆ, ಇನ್ನೊಂದು ನಿಲ್ಲುತ್ತದೆ. ಮೊದಲು ಉಕ್ಕು ತುಟ್ಟಿಯಾಗಿದ್ದಾಗ ಇಡೀ ಕತ್ತಿಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ ಕೂಡಿಸುತ್ತಿದ್ದರಂತೆ. ಆಚಾರ್ರ ತಂದೆ ಮಾಡಿದ ಅಂಥ ಒಂದು ಕೊಡಲಿ ಅವರಲ್ಲಿದೆ. ಕೂಡಿಸಿದ ಗೆರೆ ಈಗಲೂ ಕಾಣುತ್ತದೆ.

ಎರಡನೇ ತಿಂಗಳು ಸುತ್ತಿಗೆ ನನ್ನ ಕೈಗೆ ಬಂತು. ಕತ್ತಿಯ ಕೊಕ್ಕನ್ನು ಬಗ್ಗಿಸುವಾಗ ಆಚಾರ್ರು ಬೇಕಾದ್ದಕ್ಕಿಂತ ಬಹಳ ಹೆಚ್ಚು ಬಗ್ಗಿಸಲು ಹೇಳಿದರು, ನೋಡಲು ಕುಡಗೋಲಿನ ಹಾಗೆ. ಯಾಕೆಂದು ಕೇಳಿದರೆ “ಬಾಯಿ ತೆಳು ಮಾಡು, ಆಮೇಲೆ ಕೇಳು” ಎಂದರು. ಬಾಯಿಯನ್ನು ಬಡಿದು ತೆಳು ಮಾಡುತ್ತ ಹೋದಂತೆ ಆ ಬದಿ ಉದ್ದವಾಗುತ್ತದೆ, ಬೆನ್ನು ಇದ್ದಷ್ಟೇ ಇರುತ್ತದೆ. ಆಗ ಕತ್ತಿ ತಾನಾಗಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಕೊನೆಯ ಪೆಟ್ಟು ಬಿದ್ದಾಗ ಕೊಕ್ಕು ಸರಿಯಾಗಿ ಅಪ್ಪನ ಕತ್ತಿಯ ಆಕಾರಕ್ಕೆ ಬಂದು ನಿಂತಿತ್ತು. ಯಾವ ಪುಸ್ತಕ ಓದಿದ್ದರೂ ನನಗೆ ಆ ಸಂತೋಷ ಆಗುತ್ತಿರಲಿಲ್ಲ. ಆಮೇಲೆ ಇನ್ನೊಮ್ಮೆ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಅದು ಅರಕ್ಕೆ ಬೆಣ್ಣೆಯ ಹಾಗೆ ಸಿಗುತ್ತದೆ. ಬಾಯಿಯನ್ನು ಪೂರ್ತಿ ಚೂಪು ಮಾಡಬಾರದು, ಒಂದು ರೂಪಾಯಿ ನಾಣ್ಯದ ದಪ್ಪ ಬಿಡಬೇಕು. ಇಲ್ಲದಿದ್ದರೆ ಮುಂದಿನ ಕೆಲಸದಲ್ಲಿ ಸೊಟ್ಟಾಗುತ್ತದೆ ಇಲ್ಲವೇ ಸೀಳುತ್ತದೆ.

ಮುಂದಿನ ಕೆಲಸ ಎಂದರೆ ನೀರು ಕೊಡುವುದು. ಅದನ್ನು ಹೇಳಿಕೊಡುವ ಮೊದಲು ಆಚಾರ್ರು ಪಾಟಾದ ಎರಡು ಚೂರು ತೆಗೆದುಕೊಂಡರು. ಒಂದನ್ನು ಹಳದಿ ಬೆಳ್ಳಗಾಗುವಷ್ಟು ಕಾಯಿಸಿ ನೀರಿಗೆ ಹಾಕಿದರು. ಇನ್ನೊಂದನ್ನು ಕೆಂಪು ಬಂದ ಕೂಡಲೇ ಹಾಕಿದರು. ಎರಡನ್ನೂ ಇಕ್ಕಳದಲ್ಲಿ ಕಚ್ಚಿಸಿ ಮುರಿದು ನನ್ನ ಅಂಗೈಗೆ ಇಟ್ಟರು. ಮೊದಲನೆಯದರ ಒಳಗೆ ಕಲ್ಲುಪ್ಪಿನಂಥ ಹರಳು. ಎರಡನೆಯದು ರಾಗಿ ಹಿಟ್ಟಿನಷ್ಟು ನುಣುಪು, ಬೂದು ಬಣ್ಣ. “ಯಾವುದ್ರ ಕತ್ತಿ ಬೇಕು ನಿಂಗೆ?” ಎಂದರು. ಹೆಚ್ಚು ಬಿಸಿಯಾದರೆ ಉಕ್ಕಿನ ಒಳಗಿನ ಕಣ ದೊಡ್ಡದಾಗುತ್ತದೆ, ದೊಡ್ಡ ಕಣ ಬೇಗ ಮುರಿಯುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆಯಬಹುದು. ಅಂಗೈ ಮೇಲೆ ಇಟ್ಟುಕೊಟ್ಟರೆ ಮರೆಯಲು ಸಾಧ್ಯವಿಲ್ಲ.

ಇಲ್ಲಿ ನಮ್ಮ ಶಾಲೆಯ ವಿಜ್ಞಾನವೂ ನನಗೆ ಉಪಕಾರಕ್ಕೆ ಬಂತು ಎಂದು ಹೇಳಲೇಬೇಕು. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮೇರಿ ಕ್ಯೂರಿಯವರ ಗಂಡ ಪಿಯರ್ ಕ್ಯೂರಿ ಬಿಸಿಗೂ ಕಾಂತತ್ವಕ್ಕೂ ಇರುವ ಸಂಬಂಧವನ್ನು 1895ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು, ಆ ಬಿಂದುವಿಗೆ ಅವರದೇ ಹೆಸರು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಕುಲುಮೆಗೆ ಒಯ್ದೆ. ಆಚಾರ್ರು ಬಣ್ಣ ನೋಡಿ “ಈಗ” ಎಂದಾಗಲೆಲ್ಲ ಮುಟ್ಟಿಸಿ ನೋಡಿದೆ. ಒಮ್ಮೆಯೂ ಅಂಟಲಿಲ್ಲ. “ನಿನ್ನ ಅಯಸ್ಕಾಂತ ಪಾಸಾತು” ಎಂದು ನಕ್ಕರು.

ಮಕ್ಕಳೇ, ನಿಮ್ಮ ವಿದ್ಯುತ್ ಪಾಠದಲ್ಲಿ ಬರುವ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. 1819ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನ ಭಾರತದ ಉಕ್ಕಿನ ಮೇಲೆ. ಇಂಗ್ಲಿಷರು ಆ ಉಕ್ಕನ್ನು ‘ವೂಟ್ಜ್’ ಎನ್ನುತ್ತಿದ್ದರು. ಆ ಹೆಸರು ನಮ್ಮ ಕನ್ನಡದ ‘ಉಕ್ಕು’ ಎಂಬುದರಿಂದಲೇ ಬಂದಿರಬೇಕು ಎಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಇದನ್ನು ಆಚಾರ್ರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪ ಕಮ್ಮಾರ ಅಂತ ಅವ ಹೇಳ್ಕತ್ತಿದ್ನ?” ಎಂದು ಕೇಳಿದರು. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ಈ ಊರಿನಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೀರು ಕೊಡುವಾಗ ಇಡೀ ಕತ್ತಿಯನ್ನು ಮುಳುಗಿಸುವುದಿಲ್ಲ. ನೀರು ತಣ್ಣಗಿರಬಾರದು, ಕಾದ ಕಬ್ಬಿಣವೊಂದನ್ನು ಅದ್ದಿ ಉಗುರುಬೆಚ್ಚಗೆ ಮಾಡಿಕೊಳ್ಳುತ್ತಾರೆ. ಬಾಯಿಯ ಅಂಚನ್ನು ಮಾತ್ರ ಅದ್ದಿ ಎತ್ತಬೇಕು. ಬಾಯಿ ಗಾಜಿನಂತೆ ಗಟ್ಟಿಯಾಗಿರುತ್ತದೆ, ಬೆನ್ನಿನಲ್ಲಿ ಇನ್ನೂ ಬಿಸಿ ಉಳಿದಿರುತ್ತದೆ. ಕೂಡಲೇ ಒಂದು ಕಲ್ಲಿನಿಂದ ಬದಿಯನ್ನು ಉಜ್ಜಿ ಬೆಳ್ಳಗೆ ಮಾಡಿ ನೋಡುತ್ತ ಕೂರಬೇಕು. ಬೆನ್ನಿನ ಬಿಸಿ ಬಾಯಿಯತ್ತ ಹರಿದು ಬರುವಾಗ ಬಣ್ಣಗಳು ಓಡುತ್ತವೆ. ಮೊದಲು ಒಣ ಹುಲ್ಲಿನ ಬಣ್ಣ, ಅದು 220–230 ಡಿಗ್ರಿ. ಆಮೇಲೆ ಕಂದು, ನೇರಳೆ, ಕೊನೆಗೆ 300ರ ಹತ್ತಿರ ನೀಲಿ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕ್ಷಣ ಪೂರ್ತಿ ಅದ್ದಿಬಿಡಬೇಕು. ಮೆಟ್ಟುಗತ್ತಿಗೆ ಒಣ ಹುಲ್ಲಿನ ಬಣ್ಣ ಸಾಕು, ಅದಕ್ಕೆ ಪೆಟ್ಟು ಬೀಳುವುದಿಲ್ಲ, ಹರಿತ ನಿಂತರಾಯಿತು. ಸೊಪ್ಪಿನ ಕತ್ತಿ ಗಂಟು ಗೆಲ್ಲಿಗೆ ಬಡಿಯುತ್ತದೆ, ಅದಕ್ಕೆ ಕಂದು ದಾಟಿ ನೇರಳೆ. ಇದೆಲ್ಲ ನಡೆಯುವುದು ನಾಲ್ಕೈದು ಉಸಿರಿನಷ್ಟು ಹೊತ್ತಿನಲ್ಲಿ. ಆಗ ಫೋನು ಬಂದರೂ ಸರಿ, ಹಾವು ಬಂದರೂ ಸರಿ, ಕಣ್ಣು ತೆಗೆಯಬಾರದು.

ಮನೆಯಲ್ಲಿ ಒಳ್ಳೆಯ ಕತ್ತಿ ಇರುವವರಿಗೆ ಇಲ್ಲೇ ಒಂದು ಮಾತು. ಕರೆಂಟಿನ ಗ್ರೈಂಡರಿಗೆ ಕೊಟ್ಟು ಕಿಡಿ ಹಾರಿಸಿ ಮಸೆಸಬೇಡಿ. ಅಂಚು ನೀಲಿಗಟ್ಟಿತೆಂದರೆ ಆಚಾರ್ರು ಕೊಟ್ಟ ಹದ ಅಲ್ಲಿಗೆ ಹೋಯಿತು. ನೀರು ಹಾಕಿ ಮಸೆಗಲ್ಲಿನ ಮೇಲೆ ಮಸೆಯಿರಿ, ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಹಿಡಿ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಹುಣಸೆ ಕಟ್ಟಿಗೆ, ಕೊಳವೆಯ ತುಂಡಿನ ಬಳೆ, ಒಳಗೆ ಅರಗು. ನನ್ನ ಕತ್ತಿಯನ್ನು ಆಚಾರ್ರು ಒಣ ಬಿದಿರಿನ ಗಂಟಿಗೆ ಮೂರು ಸಲ ಹೊಡೆದು, ಬಾಯಿಯನ್ನು ಉಗುರಿನ ಮೇಲೆ ಎಳೆದು ನೋಡಿ, ಏನೂ ಹೇಳದೆ ಬೆಂಚಿನ ಮೇಲೆ ಅವರ ಕತ್ತಿಗಳ ಪಕ್ಕದಲ್ಲಿ ಇಟ್ಟರು.

ಈಗ ಕುಲುಮೆಯ ಸ್ಥಿತಿ. ಆಚಾರ್ರ ಮಗ ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತಿನ ಮೇಲೆ ಇದ್ದಾನೆ, ಒಳ್ಳೆಯ ಕೆಲಸಗಾರ ಎಂಬ ಹೆಸರಿದೆ. ಅವನು ಬಿಟ್ಟುಹೋದ ಎಂದು ದೂರುವವರನ್ನು ಕಂಡರೆ ನನಗೆ ಸಿಟ್ಟು. ವರ್ಷಕ್ಕೆ ಇಷ್ಟು ಭತ್ತ ಎಂದು ಅಳೆದು ಕೊಡುವ ಪದ್ಧತಿ ನಿಂತ ಮೇಲೆ ಆ ಮನೆಗೆ ನಾವು ಕೊಟ್ಟದ್ದು ಚೌಕಾಸಿಯನ್ನು ಮಾತ್ರ. ಜಾತ್ರೆಯ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ಬರುವ ನಾವು ಕುಲುಮೆಯ ಬಾಗಿಲಲ್ಲಿ ಐವತ್ತು ರೂಪಾಯಿಗೆ ಅರ್ಧ ಗಂಟೆ ನಿಲ್ಲುತ್ತೇವೆ. ಇದ್ದಿಲೂ ಕಷ್ಟ. ಮೊದಲು ಮನೆಮನೆಯ ಬಚ್ಚಲ ಒಲೆಯಿಂದ ಬರುತ್ತಿತ್ತು, ಈಗ ಬಹಳ ಮನೆಗಳಲ್ಲಿ ಬಚ್ಚಲ ಒಲೆಯೇ ಆರಿದೆ. ತೆಂಗಿನ ಕರಟ ಒಳ್ಳೆಯ ಇದ್ದಿಲಾಗುತ್ತದೆ. ತಿಪ್ಪೆಗೆ ಎಸೆಯುವ ಕರಟವನ್ನು ಒಂದು ಚೀಲದಲ್ಲಿ ಹಾಕಿಡಿ, ನಾನೇ ಬಂದು ಒಯ್ಯುತ್ತೇನೆ.

ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ, ಆಚಾರ್ರೂ ಒಪ್ಪಿದ್ದಾರೆ. ಮುಂದಿನ ತಿಂಗಳಿಂದ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕುಲುಮೆ ಹೊತ್ತಿಸುತ್ತೇವೆ. ಒಂಬತ್ತನೇ ತರಗತಿಯ ಮಕ್ಕಳು ಒಂದು ಸಲಕ್ಕೆ ನಾಲ್ಕು ಜನ, ಹೆಣ್ಣುಮಕ್ಕಳೂ ಬರಬೇಕು ಎಂದು ಅಮ್ಮನ ಷರತ್ತು. ಮನೆಯವರ ಒಪ್ಪಿಗೆ ಚೀಟಿ ತನ್ನಿ. ಹತ್ತಿಯ ಬಟ್ಟೆ ಹಾಕಿಕೊಂಡು ಬನ್ನಿ, ನೈಲಾನ್ ಬೇಡ, ಕಿಡಿ ಬಿದ್ದರೆ ಮೈಗೆ ಅಂಟುತ್ತದೆ. ಕಾಲಿಗೆ ಶೂ ಇರಲಿ. ಮೊದಲ ದಿನ ಕತ್ತಿ ಮಾಡುವುದಿಲ್ಲ, ಪಾಟಾದ ಎರಡು ಚೂರು ಮುರಿದು ನೋಡುತ್ತೇವೆ. ಬರುವವರು ಇವತ್ತು ಊಟದ ಪಂಕ್ತಿ ಏಳುವ ಮೊದಲು ನನ್ನ ಹತ್ತಿರ ಹೆಸರು ಬರೆಸಿ.